ಕುಂಚ ಹಿಡಿದವರ ಕಿವಿ

ಶ್ರೋತೃಗಳಿಗೆ ನಮಸ್ಕಾರ.

ಅಂಗಾಲಿನಿಂದ ಕಣ್ಣಿನ ಮಟ್ಟದವರೆಗೆ ಅಳೆದರೆ 28 ಮಿಲಿಮೀಟರ್ ಬರುವ ಒಬ್ಬ ಸೈನಿಕ ನಿಮ್ಮ ಅಂಗೈಯ ಮೇಲೆ ನಿಂತಿದ್ದಾನೆ ಎಂದುಕೊಳ್ಳಿ. ಪೆಟ್ಟಿಗೆಯಿಂದ ತೆಗೆದಾಗ ಅವನು ಬೂದು ಬಣ್ಣದ ಪ್ಲಾಸ್ಟಿಕ್ ತುಂಡುಗಳಷ್ಟೇ. ತಲೆ, ತೋಳು, ಕತ್ತಿಗಳನ್ನು ಅಂಟು ಹಾಕಿ ಜೋಡಿಸಿದ ಮೇಲೆ, ಅವನ ಮೇಲಂಗಿಯ ಮಡಿಕೆಯಿಂದ ಹಿಡಿದು ಬೂಟಿಗೆ ಮೆತ್ತಿದ ಕೆಸರಿನವರೆಗೆ ಎಲ್ಲಕ್ಕೂ ಎಳೆಯಷ್ಟು ಸಣ್ಣ ತುದಿಯ ಕುಂಚದಿಂದ ಬಣ್ಣ ಹಚ್ಚಬೇಕು. ಇದನ್ನು ಹವ್ಯಾಸವಾಗಿ ಮಾಡಿಕೊಂಡವರಲ್ಲಿ ನಾನೂ ಒಬ್ಬಳು. ಆದರೆ ಈ ಹೊತ್ತು ನಾನು ಹೇಳಹೊರಟಿರುವುದು ಬಣ್ಣದ ವಿಷಯವಲ್ಲ. ಬಣ್ಣ ಹಚ್ಚುತ್ತ ಕುಳಿತಾಗ ನಾವು ಏನನ್ನು ಕೇಳುತ್ತೇವೆ, ಏಕೆ ಕೇಳುತ್ತೇವೆ ಎಂಬ ವಿಷಯ.

ಇಂದಿನ ರೂಪದಲ್ಲಿ ಈ ಹವ್ಯಾಸಕ್ಕೆ ತವರು ಎನ್ನಬಹುದಾದ ದೇಶ ಇಂಗ್ಲೆಂಡ್. 1975ರಲ್ಲಿ ಲಂಡನ್ನಿನಲ್ಲಿ ಮೂವರು ಗೆಳೆಯರು ಆರಂಭಿಸಿದ ಗೇಮ್ಸ್ ವರ್ಕ್‌ಶಾಪ್ ಎಂಬ ಸಂಸ್ಥೆ ಮುಂದೆ ನಾಟಿಂಗ್‌ಹ್ಯಾಮ್ ನಗರಕ್ಕೆ ನೆಲೆ ಬದಲಿಸಿತು. 1983ರಲ್ಲಿ ಅದು ಹೊರತಂದ ವಾರ್‌ಹ್ಯಾಮರ್ ಎಂಬ ಯುದ್ಧದ ಆಟದ ಬೆನ್ನೇರಿ ಈ ಪುಟ್ಟ ಆಳುಗಳು ದೇಶದೇಶಗಳಿಗೆ ಹೋದರು, ಬೆಂಗಳೂರಿಗೂ ಬಂದರು. ಅಂಥ ಇನ್ನೂ ಹಲವು ಕಂಪನಿಗಳು ನಾಟಿಂಗ್‌ಹ್ಯಾಮ್‌ನ ಸುತ್ತಮುತ್ತಲೇ ಇರುವುದರಿಂದ, ಹಿಂದೆ ಬೊಂಬೆಗಳನ್ನು ಸೀಸ ಬೆರೆತ ಲೋಹದಲ್ಲಿ ಎರಕ ಹೊಯ್ಯುತ್ತಿದ್ದುದರ ನೆನಪಿಗೆ, ಆ ಸೀಮೆಯನ್ನು ಹವ್ಯಾಸಿಗಳು ‘ಸೀಸದ ಪಟ್ಟಿ’ ಎಂದು ಕರೆಯುವುದುಂಟು. ಒಂದು ಸೈನ್ಯವೆಂದರೆ ಐವತ್ತೋ ನೂರೋ ಆಳುಗಳು. ಒಬ್ಬೊಬ್ಬನಿಗೆ ಎರಡು ಗಂಟೆ ಎಂದು ಜಿಪುಣತನದಿಂದ ಲೆಕ್ಕ ಹಿಡಿದರೂ ನೂರು ಜನಕ್ಕೆ ಇನ್ನೂರು ಗಂಟೆಯಾಯಿತು. ಅಷ್ಟು ಹೊತ್ತೂ ಕಣ್ಣಿಗೆ, ಬೆರಳಿಗೆ ಬಿಡುವಿಲ್ಲ. ಕಿವಿಗೆ ಮಾತ್ರ ಕೆಲಸವಿಲ್ಲ.

ಕಿವಿಗೆ ಕೆಲಸ ಕೊಟ್ಟರೆ ಕೈ ತಪ್ಪುವುದಿಲ್ಲವೇ ಎಂದು ನಮ್ಮ ಮನೆಯಲ್ಲಿ ಕೇಳುತ್ತಾರೆ. ಬ್ರಿಟನ್ನಿನ ಮನೋವಿಜ್ಞಾನಿಗಳಾದ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಮುಂದಿಟ್ಟ ವಿವರಣೆಯಲ್ಲಿ ಇದಕ್ಕೆ ಉತ್ತರ ಸಿಗುತ್ತದೆ. ಅವರ ಪ್ರಕಾರ, ಕೆಲಸ ಮಾಡುವಾಗ ನಾವು ಬಳಸುವ ತಾತ್ಕಾಲಿಕ ನೆನಪು ಒಂದೇ ಉಗ್ರಾಣವಲ್ಲ: ಕೇಳಿದ ಮಾತು ಒಂದು ಕಡೆ ನಿಲ್ಲುತ್ತದೆ, ಕಂಡ ಆಕಾರ ಮತ್ತು ಜಾಗ ಇನ್ನೊಂದು ಕಡೆ ನಿಲ್ಲುತ್ತದೆ, ಇವೆರಡರ ಮೇಲೆ ಗಮನವನ್ನು ಹಂಚುವ ಯಜಮಾನ ಒಬ್ಬನಿರುತ್ತಾನೆ. ಆದ್ದರಿಂದಲೇ ಪುಸ್ತಕ ಓದುತ್ತ ಭಾಷಣ ಕೇಳುವುದು ಕಷ್ಟ, ಬಣ್ಣ ಹಚ್ಚುತ್ತ ಕೇಳುವುದು ಸುಲಭ. ಪ್ಲಿಮತ್ ವಿಶ್ವವಿದ್ಯಾಲಯದ ಜಾಕಿ ಆಂಡ್ರೇಡ್ 2009ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಲವತ್ತು ಜನರಿಗೆ ಎರಡೂವರೆ ನಿಮಿಷದ ಬೇಸರದ ದೂರವಾಣಿ ಸಂದೇಶವೊಂದನ್ನು ಕೇಳಿಸಿದಾಗ, ಕೇಳುತ್ತ ಕಾಗದದ ಮೇಲಿನ ಚೌಕ, ವೃತ್ತಗಳನ್ನು ಪೆನ್ಸಿಲ್ಲಿನಿಂದ ತುಂಬುತ್ತಿದ್ದವರು ಸುಮ್ಮನೆ ಕುಳಿತವರಿಗಿಂತ ಶೇಕಡಾ 29ರಷ್ಟು ಹೆಚ್ಚು ವಿವರಗಳನ್ನು ನೆನಪಿಟ್ಟುಕೊಂಡಿದ್ದರು. ಗೆರೆಯೊಳಗೆ ಬಣ್ಣ ತುಂಬುವುದು ನಮ್ಮ ಮೊದಲ ಲೇಪದ ಕೆಲಸವೂ ಹೌದಾದ್ದರಿಂದ, ಮನೆಯವರಿಗೆ ನಾನು ಈ ಪ್ರಯೋಗವನ್ನು ಆಗಾಗ ಹೇಳುತ್ತಿರುತ್ತೇನೆ.

ಕಾರ್ಖಾನೆಗಳು ಇದನ್ನು ನಮಗಿಂತ ಮೊದಲೇ ಕಂಡುಕೊಂಡಿದ್ದವು. ಕ್ಯೂಬಾದ ಹವಾನಾದಲ್ಲಿ 1865ರಿಂದ, ಚುಟ್ಟಾ ಸುತ್ತುವ ಕೆಲಸಗಾರರ ನಡುವೆ ಎತ್ತರದ ಪೀಠದ ಮೇಲೆ ಕುಳಿತು ಪತ್ರಿಕೆಯನ್ನೂ ಕಾದಂಬರಿಯನ್ನೂ ಗಟ್ಟಿಯಾಗಿ ಓದುವವನೊಬ್ಬನಿರುತ್ತಿದ್ದ. ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧದ ನಡುವೆ, 1940ರ ಜೂನ್‌ನಲ್ಲಿ, ಬಿಬಿಸಿ ರೇಡಿಯೊ ಕಾರ್ಖಾನೆಯ ಕೆಲಸಗಾರರಿಗೆಂದೇ ದಿನಕ್ಕೆರಡು ಬಾರಿ ಅರ್ಧರ್ಧ ಗಂಟೆಯ ಸಂಗೀತ ಕಾರ್ಯಕ್ರಮವನ್ನು ಆರಂಭಿಸಿತು. ಕೆಲಸದ ಲಯ ಕೆಡಿಸುವಂಥ ನಿಧಾನದ ಹಾಡುಗಳಿಗೆ ಅಲ್ಲಿ ಜಾಗವಿರಲಿಲ್ಲ. ಕೇಳುಗರು ಚಪ್ಪಾಳೆ ತಟ್ಟಲೇಬೇಕಾದಂಥ ಒಂದು ಜನಪ್ರಿಯ ಹಾಡನ್ನಂತೂ, ಕೆಲಸಗಾರರು ಕೈಯಲ್ಲಿದ್ದ ಸ್ಪ್ಯಾನರುಗಳಿಂದಲೇ ಯಂತ್ರಕ್ಕೆ ಬಡಿದಾರು ಎಂಬ ಭಯದಿಂದ, ದೂರವೇ ಇಟ್ಟಿದ್ದರು. ಯಾವ ಕೆಲಸಕ್ಕೆ ಯಾವ ಸದ್ದು ಎಂಬ ಈ ವಿವೇಚನೆ ನಮಗೂ ಬೇಕು, ಏಕೆಂದರೆ ಒಬ್ಬ ಸೈನಿಕನಿಗೆ ಬಣ್ಣ ಹಚ್ಚುವುದು ಒಂದು ಕೆಲಸವಲ್ಲ, ನಾಲ್ಕೈದು ಕೆಲಸ.

ಮೊದಲಿನದು, ಬಣ್ಣ ಹಿಡಿಯಲೆಂದು ಬಳಿಯುವ ಪ್ರೈಮರ್ ಒಣಗಿದ ಮೇಲಿನ ತಳಬಣ್ಣ. ಹತ್ತು ಜನರನ್ನು ಸಾಲಾಗಿ ನಿಲ್ಲಿಸಿ, ಹತ್ತು ಜನರ ಷರಾಯಿಗೂ ಒಂದೇ ಕಂದು, ಆಮೇಲೆ ಹತ್ತು ಜನರ ಪಟ್ಟಿಗೂ ಒಂದೇ ಕಪ್ಪು. ಇದು ಅವರೆಕಾಳು ಹಿದುಕುವ ಕೆಲಸದ ಹಾಗೆ. ಕೈ ತಾನಾಗಿ ನಡೆಯುತ್ತದೆ. ಇಲ್ಲಿ ಹತ್ತು ಹನ್ನೆರಡು ಗಂಟೆಯ ಕಾದಂಬರಿಯ ಧ್ವನಿಪುಸ್ತಕ ಚೆನ್ನಾಗಿ ಒಗ್ಗುತ್ತದೆ. ಧ್ವನಿಪುಸ್ತಕಗಳು ಬ್ರಿಟನ್ನಿನಲ್ಲಿ 1935ರಲ್ಲಿ ಆರಂಭವಾದದ್ದು ದೃಷ್ಟಿ ಇಲ್ಲದವರಿಗಾಗಿ, ಅದರಲ್ಲೂ ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರನ್ನು ಮನಸ್ಸಿನಲ್ಲಿಟ್ಟುಕೊಂಡು. ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಇಪ್ಪತ್ತೈದು ನಿಮಿಷ ಓದು ಹಿಡಿಯುತ್ತಿತ್ತು. ಆಟದ ಸೈನಿಕರ ಸಮವಸ್ತ್ರಕ್ಕೆ ಬಣ್ಣ ಹಚ್ಚುತ್ತ ಧ್ವನಿಪುಸ್ತಕ ಕೇಳುವಾಗ ಈ ಸಂಗತಿ ನನಗೆ ನೆನಪಾದದ್ದುಂಟು, ಕುಂಚ ಕೆಳಗಿಟ್ಟದ್ದೂ ಉಂಟು.

ಇಂಗ್ಲೆಂಡಿನ ಹವ್ಯಾಸಿಗಳಿಗೆ ಇನ್ನೊಂದು ಅನುಕೂಲವಿದೆ: 1957ರಿಂದ ಬಿಬಿಸಿ ಬಿತ್ತರಿಸುತ್ತಿರುವ ಟೆಸ್ಟ್ ಕ್ರಿಕೆಟ್‌ನ ಚೆಂಡುಚೆಂಡಿನ ವೀಕ್ಷಕ ವಿವರಣೆ. ದಿನಕ್ಕೆ ಆರು ಗಂಟೆಯಂತೆ ಐದು ದಿನ; ನಡುವೆ ಮಳೆ ಬಂದರೂ ಮಾತು ನಿಲ್ಲುವುದಿಲ್ಲ, ಪಾರಿವಾಳ, ಕೇಕು, ಮೋಡ ಹೀಗೆ ಏನನ್ನಾದರೂ ಹಿಡಿದುಕೊಂಡು ಮುಂದುವರಿಯುತ್ತದೆ. ಅರ್ಧ ಗಂಟೆ ಗಮನ ತಪ್ಪಿದರೂ ನಷ್ಟವಿಲ್ಲ, ಏಕೆಂದರೆ ಮುಖ್ಯವಾದದ್ದು ನಡೆದಾಗ ಧ್ವನಿಯೇ ಏರಿ ನಮ್ಮನ್ನು ಕರೆಯುತ್ತದೆ. ಅಪಾಯವಿರುವುದೂ ಅಲ್ಲಿಯೇ. ಕಳೆದ ವರ್ಷ ನಾನು ಒಬ್ಬ ಕಾಲಾಳಿನ ಗಡ್ಡಕ್ಕೆ ಗೆರೆ ಎಳೆಯುತ್ತಿದ್ದಾಗ ವಿಕೆಟ್ ಬಿತ್ತು, ಕೈ ಜಾರಿತು, ಕೆನ್ನೆಯ ಉದ್ದಕ್ಕೂ ಕಂದು ಗೆರೆ ಮೂಡಿತು. ಒರೆಸಿದರೆ ಕೆಳಗಿನ ಬಣ್ಣವೂ ಬರುವಂತಿದ್ದುದರಿಂದ ಅದಕ್ಕೆ ತುಸು ಗುಲಾಬಿ ಸೇರಿಸಿ ಹಳೆಯ ಗಾಯದ ಕಲೆಯನ್ನಾಗಿ ಮಾಡಿದೆ. ನೋಡಿದವರೆಲ್ಲ ಈಗ ಅದನ್ನೇ ಹೊಗಳುತ್ತಾರೆ.

ವಾರ್‌ಹ್ಯಾಮರ್ ಆಟಕ್ಕೆ ಸಂಬಂಧಿಸಿದ ಸದ್ದುಗಳೂ ಇವೆ. 1986ರಲ್ಲಿ ಕೊವೆಂಟ್ರಿಯಲ್ಲಿ ಹುಟ್ಟಿದ ಒಂದು ಅಬ್ಬರದ ಮೆಟಲ್ ವಾದ್ಯವೃಂದ ತನಗೆ ಬೋಲ್ಟ್ ಥ್ರೋವರ್ ಎಂದು ಈ ಆಟದ ಅಸ್ತ್ರವೊಂದರ ಹೆಸರನ್ನೇ ಇಟ್ಟುಕೊಂಡಿತು. ಆಟದ ಲೋಕದಲ್ಲೇ ನಡೆಯುವ ಕಾದಂಬರಿಗಳನ್ನು ಕಂಪನಿಯೇ ಪ್ರಕಟಿಸುತ್ತದೆ, ಓದಿಸಿ ಧ್ವನಿರೂಪದಲ್ಲೂ ಮಾರುತ್ತದೆ. ಬಹಳ ಮಂದಿ ಅವನ್ನೇ ಕೇಳುತ್ತಾರೆ, ನನಗೆ ಒಗ್ಗುವುದಿಲ್ಲ. ಕೈಯಲ್ಲಿರುವವನ ಕಥೆಯೇ ಕಿವಿಯಲ್ಲೂ ನಡೆಯುತ್ತಿದ್ದರೆ, ಅವನ ಮೇಲಂಗಿಗೆ ಯಾವ ಬಣ್ಣವಿರಬೇಕು ಎಂಬುದನ್ನು ಆ ಕಥೆಯೇ ತೀರ್ಮಾನಿಸಿಬಿಡುತ್ತದೆ.

ನನಗೆ ಒಗ್ಗಿದ್ದು ಗಮಕ. ಕುಮಾರವ್ಯಾಸನ ಭಾರತದ ವಾಚನವನ್ನು, ಅದರಲ್ಲೂ ದ್ರೋಣಪರ್ವವನ್ನು, ಶಿವಮೊಗ್ಗದ ಬಳಿಯ ಹೊಸಹಳ್ಳಿಯವರಾದ, 2022ರಲ್ಲಿ ಪದ್ಮಶ್ರೀ ಪಡೆದ ಎಚ್. ಆರ್. ಕೇಶವಮೂರ್ತಿಯವರಂಥವರ ಕಂಠದಲ್ಲಿ ಕೇಳುತ್ತ ಕುದುರೆಸವಾರರಿಗೆ ಬಣ್ಣ ಹಚ್ಚಿ ನೋಡಬೇಕು. ಗಮಕದ ಕಟ್ಟಡವೇ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ: ಮೊದಲು ಭಾಮಿನಿ ಷಟ್ಪದಿಯ ಪದ್ಯವನ್ನು ರಾಗವಾಗಿ ವಾಚಿಸುತ್ತಾರೆ, ಆಮೇಲೆ ವ್ಯಾಖ್ಯಾನಕಾರರು ಅದನ್ನೇ ಬಿಡಿಸಿ ಹೇಳುತ್ತಾರೆ. ಕವಚದ ಅಂಚಿಗೆ ತಿಳಿಬಣ್ಣದ ಗೆರೆ ಕೊಡುವ ನಾಜೂಕಿನಲ್ಲಿ ಪದ್ಯದ ಮಾತು ತಪ್ಪಿಹೋದರೆ ರಾಗವಾದರೂ ದಕ್ಕಿರುತ್ತದೆ, ಅರ್ಥ ವ್ಯಾಖ್ಯಾನದಲ್ಲಿ ಮತ್ತೆ ಬರುತ್ತದೆ. ಯಕ್ಷಗಾನ ತಾಳಮದ್ದಳೆ ಹಾಗಲ್ಲ. ಅಲ್ಲಿ ಕೃಷ್ಣನ ಒಂದು ಮಾತಿಗೆ ಎದುರಿನವರು ಏನು ಉತ್ತರ ಕೊಟ್ಟಾರು ಎಂದು ಕುಂಚ ಗಾಳಿಯಲ್ಲೇ ನಿಂತುಬಿಡುತ್ತದೆ, ತುದಿಯ ಬಣ್ಣ ಒಣಗುತ್ತದೆ. ತಾಳಮದ್ದಳೆಯನ್ನು ನಾನು ಕುಂಚ ತೊಳೆಯುವ ಹೊತ್ತಿಗೆ ಇಟ್ಟುಕೊಂಡಿದ್ದೇನೆ.

ಉಳಿದದ್ದು ಕಣ್ಣು. ಈ ಅಳತೆಯ ಮುಖದಲ್ಲಿ ಕಣ್ಣೆಂದರೆ ಅರ್ಧ ಮಿಲಿಮೀಟರಿನ ಬಿಳಿ, ಅದರೊಳಗೊಂದು ಕಪ್ಪು ಚುಕ್ಕೆ. ಎಳ್ಳಿನ ತುದಿಯಷ್ಟು ಆಚೀಚೆಯಾದರೂ ವೀರನಿಗೆ ಮಾಲುಗಣ್ಣು. ಉಸಿರು ಬಿಗಿಹಿಡಿದು, ಎರಡೂ ಮಣಿಕಟ್ಟುಗಳನ್ನು ಒಂದಕ್ಕೊಂದು ಒತ್ತಿ, ಚುಕ್ಕೆ ಇಡಬೇಕಾದ ಆ ಹೊತ್ತಿನಲ್ಲಿ ಬ್ಯಾಡ್ಲಿ ಹೇಳಿದ ಯಜಮಾನನೇ ಪೂರ್ತಿಯಾಗಿ ಕೈಗೆ ಬಂದು ಕೂರುತ್ತಾನೆ. ಕಿವಿಗೆ ಕೊಡಲು ಅವನ ಬಳಿ ಏನೂ ಉಳಿದಿರುವುದಿಲ್ಲ. ಕೆಲವರು ಆಗ ಸಾಹಿತ್ಯವಿಲ್ಲದ ಸಂಗೀತವನ್ನು, ಸಾವಿರ ಸಲ ಕೇಳಿ ತಿರುವುಗಳೆಲ್ಲ ಗೊತ್ತಿರುವ ವೀಣೆಯ ಆಲಾಪನೆಯನ್ನೋ ಮತ್ತೊಂದನ್ನೋ, ಹಾಕಿಕೊಳ್ಳುತ್ತಾರೆ. ನಾನು ಅದನ್ನೂ ನಿಲ್ಲಿಸಿಬಿಡುತ್ತೇನೆ. ಇದನ್ನು ನನಗೆ ಕಲಿಸಿದವರು ನಮ್ಮ ಅಜ್ಜಿ. ಮೈಸೂರಿನ ಮನೆಯಲ್ಲಿ ದಸರೆಗೆ ಮುಂಚೆ ಅಟ್ಟದಿಂದ ಗೊಂಬೆಗಳನ್ನು ಇಳಿಸಿ, ಬಣ್ಣ ಹೋದ ಮಣ್ಣಿನ ಗೊಂಬೆಗಳನ್ನು ತಿದ್ದಲು ಕುಳಿತಾಗ, ಸೀರೆಯ ಅಂಚು ಮುಗಿಯುವವರೆಗೆ ರೇಡಿಯೊ ಹಾಡುತ್ತಲೇ ಇರಬೇಕಿತ್ತು. ಹುಬ್ಬಿಗೆ ಬಂದಾಗ “ಸ್ವಲ್ಪ ಸಣ್ಣ ಮಾಡೇ” ಎನ್ನುತ್ತಿದ್ದರು, ಕಣ್ಣಿಗೆ ಬಂದಾಗ “ಆರಿಸಿಬಿಡು” ಎನ್ನುತ್ತಿದ್ದರು.

ಈಗ ನನ್ನ ಕಪಾಟಿನ ಗಾಜಿನ ಹಿಂದೆ ನಿಂತವರನ್ನು ನೋಡಿದರೆ ಯಾರಿಗೆ ಯಾವ ಬಣ್ಣದ ಡಬ್ಬಿ ಬಳಸಿದೆ ಎಂಬುದು ಮರೆತಿರುತ್ತದೆ, ಯಾರ ಜೊತೆ ಏನು ಕೇಳಿದೆ ಎಂಬುದು ಮರೆತಿಲ್ಲ. ಆರು ಮಂದಿ ಕುದುರೆಸವಾರರು ಅಭಿಮನ್ಯು ಚಕ್ರವ್ಯೂಹ ಹೊಕ್ಕ ಸಂಜೆಯವರು, ಕೆನ್ನೆಯಲ್ಲಿ ಕಲೆಯಿರುವವನು ಆ ವಿಕೆಟ್ಟಿನವನು. ಎರಡನೆಯ ಸಾಲಿನ ಕೊನೆಯವನಿಗೆ ಮಾತ್ರ ಇನ್ನೂ ಕಣ್ಣು ಬರೆದಿಲ್ಲ. ನಮ್ಮ ಎದುರಿನ ನಿವೇಶನದಲ್ಲಿ ಮನೆ ಕಟ್ಟುತ್ತಿದ್ದಾರೆ; ಬೆಳಗಿನಿಂದ ರಾತ್ರಿಯವರೆಗೆ ಗ್ರಾನೈಟ್ ಕೊಯ್ಯುವ ಯಂತ್ರದ ಸದ್ದು. ಅದು ನಿಂತ ದಿನ ಬರೆಯುತ್ತೇನೆ.

ನಮಸ್ಕಾರ.