ತೊಗರಿಯ ಕಾಯಿಕೊರಕ: ಬೇವು, ನಂಜಾಣು ಮತ್ತು ಹೊಡೆಯುವ ಹೊತ್ತು

ರೈತ ಬಾಂಧವರೆ,

ಕಲಬುರಗಿ ಸೀಮೆಯಲ್ಲಿ ತೊಗರಿ ಹೂ ಹಿಡಿಯುವ ಹೊತ್ತಿಗೆ ಮೋಡ ಕವಿದು ತುಂತುರು ಹನಿಯಿತೆಂದರೆ ಕಾಯಿಕೊರಕದ ಚಿಂತೆ ಶುರು. ಬೇವಿನ ಕಷಾಯ, ಎನ್‌ಪಿವಿ ಎಂಬ, ಕೀಡೆಗೆ ರೋಗ ತಗುಲಿಸಿ ಕೊಲ್ಲುವ ನಂಜಾಣು (ವೈರಸ್) ಎರಡನ್ನೂ ಒಮ್ಮೆ ಬಳಸಿ, ಕೀಡೆ ಸಾಯಲಿಲ್ಲವೆಂದು ಕೈಬಿಟ್ಟವರು ಬಹಳ ಮಂದಿ. ಬಹುತೇಕ ಹೊಲಗಳಲ್ಲಿ ತಪ್ಪಿದ್ದು ಹೊತ್ತು.

ಹೆಣ್ಣು ಪತಂಗ ಮೊಗ್ಗು, ಹೂಗಳ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಮೂರ್ನಾಲ್ಕು ದಿನಕ್ಕೆ ಮರಿ ಹೊರಬರುತ್ತದೆ. ಮೊದಲ ಕೆಲವು ದಿನ ಅದು ಮೊಗ್ಗು, ಹೂ, ಎಳೆಕಾಯಿ ಕೆರೆದು ತಿನ್ನುತ್ತದೆ. ಆಗ ಸಿಂಪರಣೆ ಅದಕ್ಕೆ ಸಿಗುತ್ತದೆ. ಬಲಿತ ಕೀಡೆ ತಲೆಯನ್ನು ಕಾಯೊಳಗೆ ತೂರಿಸಿ ಕಾಳು ತಿನ್ನತೊಡಗಿದ ಮೇಲೆ ಕಷಾಯವಾಗಲಿ ನಂಜಾಣುವಾಗಲಿ ಅದರ ಬಾಯಿಗೆ ಹೋಗುವುದೇ ಕಷ್ಟ. ಕಾಯಿಯಲ್ಲಿ ತೂತು ಕಂಡ ಮೇಲೆ ಪಂಪು ಹೊರುವವರಿಗೆ ಈ ಔಷಧಗಳು ಒದಗುವುದಿಲ್ಲ.

ಹಾಗಾದರೆ ತಿಳಿಯುವುದು ಹೇಗೆ? ಎಕರೆಗೆ 2 ಮೋಹಕ ಬಲೆ ಕಟ್ಟಿ, ಬೆಳೆಯ ತುದಿಗಿಂತ ಒಂದು ಅಡಿ ಮೇಲಿರಲಿ. ಬಲೆಯೊಳಗಿಡುವ, ಹೆಣ್ಣು ಪತಂಗದ ವಾಸನೆಯ ಲಿಂಗಾಕರ್ಷಕ ಗುಳಿಗೆಯನ್ನು ಮೂರು ವಾರಕ್ಕೊಮ್ಮೆ ಬದಲಿಸಬೇಕು. ಬಲೆಗೆ ಬೀಳುವುದು ಗಂಡು ಪತಂಗ ಮಾತ್ರ, ಅದರಿಂದ ಹಾವಳಿ ಕಡಿಮೆಯಾಗದು. ಎಚ್ಚರಿಕೆ ಸಿಗುತ್ತದೆ, ಅಷ್ಟೇ. ಬೀಳುವ ಪತಂಗ ಹೆಚ್ಚಾದ ಕೂಡಲೇ ಹೊಲದ ಐದು ಕಡೆ ನಾಲ್ಕೈದು ಗಿಡಗಳ ಮೊಗ್ಗು ಬಿಡಿಸಿ ನೋಡಿ. ಗಿಡಕ್ಕೆ ಸರಾಸರಿ 2 ಮೊಟ್ಟೆ ಅಥವಾ 1 ಸಣ್ಣ ಮರಿ ಕಂಡರೆ ತಡ ಮಾಡಬೇಡಿ.

ಶೇ 5ರ ಬೇವಿನ ಕಷಾಯಕ್ಕೆ 100 ಲೀಟರ್ ನೀರಿಗೆ 5 ಕಿಲೋ ಬೀಜದ ತಿರುಳು ಬೇಕು. ಹೂಬಿಟ್ಟ ತೊಗರಿಯ ತುದಿಯೆಲ್ಲ ನೆನೆಯಲು ಎಕರೆಗೆ 200 ಲೀಟರ್ ಆದರೂ ಬೇಕಾದೀತು, ಅಂದರೆ 10 ಕಿಲೋ ತಿರುಳು. ಒರಟಾಗಿ ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ, ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಾಲಿನಂತೆ ಬಿಳಿ ರಸ ಬರುವವರೆಗೆ ಹಿಂಡಿ, ಸೋಸಿ. ಸೋಸದಿದ್ದರೆ ನಾಝಲ್ ಕಟ್ಟಿಕೊಳ್ಳುತ್ತದೆ. ಸ್ವಲ್ಪ ಸಾಬೂನು ಪುಡಿ ಕರಗಿಸಿ ಸೇರಿಸಿದರೆ ದ್ರಾವಣ ಗಿಡಕ್ಕೆ ಅಂಟುತ್ತದೆ. ಬೇಸಿಗೆಯ ಕೊನೆಗೆ ಆರಿಸಿ, ನೆರಳಲ್ಲಿ ಒಣಗಿಸಿದ ಆ ವರ್ಷದ್ದೇ ಬೀಜ ಆಗಬೇಕು. ಬೂಷ್ಟು ಹಿಡಿದ ಬೀಜದಲ್ಲಿ, ಹೋದ ವರ್ಷದ ಬೀಜದಲ್ಲಿ ಸತ್ವ ಉಳಿದಿರುವುದಿಲ್ಲ. ಬೇವಿನಲ್ಲಿ ಕೀಡೆಗೆ ತಾಗುವ ಸತ್ವವಾದ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಕೆಡುತ್ತದೆ, ಅದಕ್ಕೇ ಸಂಜೆ ಹೊಡೆಯಬೇಕು. ಆ ಹೊತ್ತಿಗೆ ಹೂವಿನಲ್ಲಿ ಜೇನ್ನೊಣವೂ ಕಡಿಮೆ.

ಎನ್‌ಪಿವಿ ಎಕರೆಗೆ 100 ಎಲ್.ಇ. (ನಂಜು ತಗುಲಿ ಸತ್ತ 100 ಕೀಡೆಗಳಲ್ಲಿರುವಷ್ಟು ನಂಜಾಣು ಎಂಬ ಅಳತೆ). 200 ಲೀಟರ್ ನೀರಿಗೆ 1 ಕಿಲೋ ಬೆಲ್ಲ, ಬಿಸಿಲಿನಿಂದ ನಂಜಾಣುವನ್ನು ಕಾಯಲು ಬಟ್ಟೆ ಬೆಳ್ಳಗಾಗಿಸುವ ರಾನಿಪಾಲ್ ಪುಡಿ ಲೀಟರಿಗೆ 1 ಗ್ರಾಂ. ಇಲ್ಲಿ ಎಡವುವುದು ತಾಳ್ಮೆಯಲ್ಲಿ. ನಂಜಾಣು ಕೀಡೆಯ ಹೊಟ್ಟೆ ಸೇರಿ, ಅಲ್ಲಿ ಬಿಚ್ಚಿಕೊಂಡು, ಬೆಳೆದು ಕೊಲ್ಲಲು ಸುಮಾರು 5ರಿಂದ 7 ದಿನ ಹಿಡಿಯುತ್ತದೆ. ಮೂರನೇ ದಿನ ಕೀಡೆ ಇನ್ನೂ ಓಡಾಡುತ್ತಿದೆಯೆಂದು ಗಾಬರಿಯಾಗಿ ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ರಾಸಾಯನಿಕ ಕೀಟನಾಶಕ ಹೊಡೆದರೆ ಖರ್ಚು ಎರಡಾಗುತ್ತದೆ, ಜೊತೆಗೆ ಕೀಡೆಯನ್ನು ತಿನ್ನುವ ಜೇಡ, ಕೀಡೆಯ ಮೈಯಲ್ಲಿ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪರತಂತ್ರ ಕಣಜಗಳೂ ಸಾಯುತ್ತವೆ. ಹೆಲಿಕೋವರ್ಪಾ ಎಂಬ ಇದೇ ಕಾಯಿಕೊರಕ 1987ರಲ್ಲಿ ಆಂಧ್ರದ ಹತ್ತಿಯಲ್ಲಿ ಪೈರೆಥ್ರಾಯ್ಡ್‌ಗಳಿಗೆ ಬಗ್ಗದೆ ಬೆಳೆ ನೆಲಕಚ್ಚಿಸಿದ್ದನ್ನು ಮರೆಯುವಂತಿಲ್ಲ. ಕಾದು ನೋಡಿ: ನಂಜು ತಗುಲಿದ ಕೀಡೆ ಗಿಡದ ತುದಿಗೆ ಹತ್ತಿ, ತಲೆಕೆಳಗಾಗಿ ಜೋತುಬಿದ್ದು ಕೊಳೆತಿರುತ್ತದೆ.

ಪಕ್ಷಿಗಳ ನೆರವಿಗೆ ಬಿತ್ತುವಾಗಲೇ ತೊಗರಿ ಬೀಜದಲ್ಲಿ ಒಂದಿಷ್ಟು ಜೋಳ ಬೆರೆಸಿದರೆ ಸಾಕು. ಕಾಜಾಣ, ಗೊರವಂಕ ಅದರ ಮೇಲೆ ಕೂತು ಕೀಡೆ ಹೆಕ್ಕುತ್ತವೆ.

ಹೊತ್ತು ಮೀರಿ ಕೀಡೆ ದಪ್ಪವಾಗಿಬಿಟ್ಟಿದ್ದರೆ? ಆಗ ಸಾಲಿನ ಬುಡಕ್ಕೆ ತಾಡಪಾಲು ಹಾಸಿ, ಗಿಡ ಬಗ್ಗಿಸಿ ಮೆಲ್ಲಗೆ ಅಲುಗಾಡಿಸಿ. ದಪ್ಪ ಕೀಡೆ ಸುಲಭವಾಗಿ ಉದುರುತ್ತದೆ, ಕೋಳಿಗೆ ಹಾಕಬಹುದು. ಆಳು ಹೆಚ್ಚು ಬೇಕು ನಿಜ, ಆದರೂ ಬಲಿತ ಕೀಡೆಗೆ ಇದಕ್ಕಿಂತ ನಂಬಿಕೆಯ ಉಪಾಯ ನನಗೆ ಕಾಣುವುದಿಲ್ಲ. ಅದೂ ಸಾಲದಷ್ಟು ಹಾವಳಿಯಿದ್ದರೆ ಮಾತ್ರ ಶಿಫಾರಸಿನ ಪ್ರಮಾಣದಲ್ಲಿ ಒಮ್ಮೆ ರಾಸಾಯನಿಕ ಬಳಸಿ. ಮುಂದಿನ ಸಲ ಅದೇ ಗುಂಪಿನ ಔಷಧ ಬೇಡ.