ಹಾಸುಬಂಡೆಯ ಪರವಾಗಿ
(ಹಾಸನದ ಕಾಲೇಜೊಂದರ ಸಾಹಸ ಸಂಘದ ಉದ್ಘಾಟನೆಯಲ್ಲಿ ಮಾಡಿದ ಉಪನ್ಯಾಸ)

ವೇದಿಕೆಯ ಮೇಲಿರುವ ಹಿರಿಯರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ, ಮಕ್ಕಳನ್ನು ಬಂಡೆ ಹತ್ತಲು ಕಳಿಸಬೇಕೋ ಬೇಡವೋ ಎಂದು ತೂಗಿ ನೋಡಲು ಬಂದಿರುವ ತಂದೆ ತಾಯಂದಿರೇ,

ಶಿಲಾರೋಹಣ ಎಂದೊಡನೆ ಎಲ್ಲರ ಕಣ್ಣಮುಂದೆ ಬರುವುದು ಬೆರಳ ತುದಿಯಲ್ಲಿ ನೇತಾಡುವ ಹುರಿಗಟ್ಟಿದ ಮೈ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆ ಮೊದಲ ಸಲ ಸೇರ್ಪಡೆಯಾದಾಗ ಟಿ.ವಿ.ಯಲ್ಲಿ ಕಂಡದ್ದೂ ಅದೇ. ಅದು ದೊಡ್ಡ ಸಾಧನೆ, ಸಂಶಯವಿಲ್ಲ. ಆದರೆ ನಾನು ಇವತ್ತು ವಕಾಲತ್ತು ವಹಿಸಿರುವುದು ಹಾಸುಬಂಡೆಗೆ, ಎಂದರೆ ಗೋಡೆಯಂತೆ ನೆಟ್ಟಗೆ ನಿಲ್ಲದೆ ಓರೆಯಾಗಿ ಒರಗಿದ ಬಂಡೆಗೆ, ಅದರಲ್ಲೂ ಸಾಧಾರಣ ಕಷ್ಟದ ದಾರಿಗಳಿಗೆ. ದಾರಿಯ ಕಷ್ಟವನ್ನು ಅಳೆಯುವ, 5.15ರವರೆಗೆ (ದಶಾಂಶವಲ್ಲ, ಐದು-ಹದಿನೈದು ಎಂದು ಓದಿ) ಏರುವ ಅಮೆರಿಕದ ಶ್ರೇಣಿಯಲ್ಲಿ 5.6ರಿಂದ 5.9ರ ಆಸುಪಾಸಿನವು ಇವು. ಕಲಿಯುವವರದ್ದು ಎಂದು ಇವನ್ನು ಬದಿಗೆ ಸರಿಸುವ ರೂಢಿಯಿದೆ. ಒಬ್ಬ ಮನುಷ್ಯ ಜೀವನಪೂರ್ತಿ ಇವನ್ನೇ ಹತ್ತಿ ಸಂತೋಷವಾಗಿರಬಹುದು ಎಂದು ನಾನು ನಂಬುತ್ತೇನೆ.

ಕ್ಯಾಲಿಫೋರ್ನಿಯದ ಜೋಶುವಾ ಟ್ರೀಯನ್ನು ನೋಡಿ. ಮೊಹಾವೆ ಮತ್ತು ಕೊಲೊರಾಡೊ ಮರುಭೂಮಿಗಳು ಕೂಡುವ ಜಾಗ. 1994ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿಯ ಬಂಡೆ ಒಂದು ಬಗೆಯ ಗ್ರಾನೈಟ್. ಹತ್ತು ಕೋಟಿ ವರ್ಷಗಳಿಗೂ ಹಿಂದೆ ನೆಲದಾಳದಲ್ಲಿ ನಿಧಾನವಾಗಿ ತಣಿದ ಶಿಲಾರಸ. ನಿಧಾನವಾಗಿ ತಣಿದದ್ದರಿಂದಲೇ ಹರಳು ದಪ್ಪ. ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ನಡುನಡುವೆ ಮಿನುಗುವ ಕಾಗೆಬಂಗಾರ. ಅಂಗೈ ಇಟ್ಟು ಎಳೆದರೆ ಚರ್ಮ ಕಿತ್ತುಬರುತ್ತದೆ. ಮಳೆ ಅಪರೂಪವಾದ್ದರಿಂದ ಪಾಚಿಗೆ ಎಡೆಯಿಲ್ಲ. ಕೈಗೆ ಹಿಡಿಯಲು ಏನೂ ಸಿಗದ ಒರಗುಬಂಡೆಯ ಮೇಲೆ ಬರಿಯ ಪಾದದ ಹಿಡಿತದಿಂದ ಜನ ಮೇಲೇರುವುದು ಈ ಒರಟುತನದ ಕೃಪೆಯಿಂದ.

ಹಾಗೆಂದು ಬೆಟ್ಟವಿರುವಲ್ಲೆಲ್ಲ ಇದು ನಡೆಯದು. ನೆರೆಯ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರವೇನೋ ಇದೆ, ಆದರೆ ಅಲ್ಲಿಯದು ಮಂಜು, ಹುಲ್ಲು, ಜಾರುವ ಪಾಚಿ. ಬೇಲೂರು, ಹಳೇಬೀಡಿನ ಶಿಲ್ಪಿಗಳು ಆರಿಸಿಕೊಂಡದ್ದು ಬಳಪದ ಕಲ್ಲು. ಉಳಿಗೆ ಒಲಿಯುವ ನುಣುಪು ನಮ್ಮ ಶೂಗೆ ಒಲಿಯುವುದಿಲ್ಲ. ಗ್ರಾನೈಟ್ ನೋಡಬೇಕಾದರೆ ಪೂರ್ವದ ಬಯಲುಸೀಮೆಗೆ, ಚನ್ನರಾಯಪಟ್ಟಣದ ಕಡೆಗೆ ಬರಬೇಕು.

ಶ್ರವಣಬೆಳಗೊಳಕ್ಕೆ ಹೋಗದವರು ಈ ಸಭೆಯಲ್ಲಿ ಯಾರಿದ್ದೀರಿ? 981ರಿಂದ ಗೊಮ್ಮಟ ನಿಂತಿರುವ ವಿಂಧ್ಯಗಿರಿ ಇಡಿಯಾಗಿ ಗ್ರಾನೈಟ್. ನಾನು ಅಲ್ಲಿಗೆ ಹೋದಾಗಲೆಲ್ಲ ಮೆಟ್ಟಿಲ ಬದಿಯಲ್ಲಿ ಕುಳಿತು ಡೋಲಿ ಹೊರುವವರ ಪಾದಗಳನ್ನೇ ನೋಡುತ್ತೇನೆ. ಒಮ್ಮೆ ನಮ್ಮ ಸೋದರತ್ತೆಯನ್ನು ಡೋಲಿಯಲ್ಲಿ ಮೇಲಕ್ಕೆ ಕರೆದೊಯ್ಯುತ್ತಿದ್ದೆವು. ಅತ್ತೆ ಕಣ್ಣು ಮುಚ್ಚಿಕೊಂಡು ಬಾಹುಬಲಿಯ ಹೆಸರು ಹೇಳುತ್ತಿದ್ದರು, ಆಗಾಗ ಒಂದು ಕಣ್ಣು ತೆರೆದು ಎಷ್ಟು ಎತ್ತರ ಬಂದೆವೆಂದು ನೋಡುತ್ತಿದ್ದರು. ಬಿಸಿಲಿಗೆ ಕಲ್ಲು ಕಾದಿತ್ತು. ಪಕ್ಕದಲ್ಲಿ ಗಟ್ಟಿಮುಟ್ಟಾದ ಹುಡುಗನೊಬ್ಬ ಕಾಲು ಸುಡಬಾರದೆಂದು ಸಾಕ್ಸ್ ಹಾಕಿಕೊಂಡು, ಕಂಬಿಗೆ ಜೋತುಬಿದ್ದು, ಮುಂದಕ್ಕೆ ಬಾಗಿ ಹತ್ತುತ್ತಿದ್ದ. ಮೆಟ್ಟಿಲು ಸವೆದು ಇಳಿಜಾರಾದಲ್ಲೆಲ್ಲ ಅವನ ಪಾದ ಹಿಂದಕ್ಕೆ ಜಾರುತ್ತಿತ್ತು. ಹೊರುವವರು ಮಾತ್ರ ಅದೇ ಜಾಗದಲ್ಲಿ ಬೆನ್ನು ನೆಟ್ಟಗಿಟ್ಟು, ಪಾದ ಪೂರ್ತಿ ಊರಿ, ಸೊಂಟವನ್ನು ಪಾದದ ಮೇಲಕ್ಕೆ ತಂದ ಮೇಲೆ ಇನ್ನೊಂದು ಕಾಲು ಎತ್ತುತ್ತಿದ್ದರು. ದಣಿವಾರಿಸಿಕೊಳ್ಳಲು ಡೋಲಿ ಇಳಿಸಿದಾಗ ಅವರಲ್ಲಿ ಹಿರಿಯರನ್ನು ಗುಟ್ಟೇನೆಂದು ಕೇಳಿದೆ. “ಭಾರ ಹಿಮ್ಮಡಿಗೆ ಇಳಿಯಬೇಕು ಸ್ವಾಮಿ, ಎದೆಗೆ ಏರಬಾರದು” ಎಂದರು. ಅತ್ತೆ ಡೋಲಿಯಲ್ಲೇ ಕುಳಿತು ತಲೆಯಾಡಿಸಿದರು.

ಹಾಸುಬಂಡೆಯ ವಿದ್ಯೆಯೆಲ್ಲ ಆ ಮಾತಿನಲ್ಲಿದೆ. ಭಾರ ಕಾಲಿಗೆ. ಭೌತಶಾಸ್ತ್ರದ ಮೇಷ್ಟ್ರು ಮುಂದಿನ ಸಾಲಿನಲ್ಲೇ ಇದ್ದಾರೆ, ಲೆಕ್ಕ ಒಪ್ಪಿಸುತ್ತೇನೆ. ಪಾದದ ಹಿಡಿತವನ್ನೇ ನಂಬಿ 45 ಡಿಗ್ರಿ ಇಳಿಜಾರಿನಲ್ಲಿ ನಿಲ್ಲಲು ಘರ್ಷಣಾ ಗುಣಾಂಕ 1 ಇರಬೇಕು. 60 ಡಿಗ್ರಿಗೆ 1.73. ಹೆದರಿದವನು ಬಂಡೆಯನ್ನು ತಬ್ಬಿಕೊಳ್ಳುತ್ತಾನೆ. ಅಂಗೈ, ಮೊಣಕಾಲು ಹೊತ್ತಷ್ಟು ಭಾರ ಪಾದಕ್ಕೆ ಕಡಿಮೆ. ಪಾದ ಒತ್ತುವುದು ಕಡಿಮೆಯಾದರೆ ರಬ್ಬರ್ ಹಿಡಿಯುವುದೂ ಕಡಿಮೆ. ಬಂಡೆಯಿಂದ ಎದೆಯನ್ನು ದೂರವಿಟ್ಟು, ಹಿಮ್ಮಡಿ ಇಳಿಸಿ ಎದ್ದು ನಿಂತವನ ಶೂ ಹರಳುಗಳ ನಡುವೆ ಒತ್ತಿ ಕೂರುತ್ತದೆ. 1980ರ ದಶಕದ ಆರಂಭದಲ್ಲಿ ಸ್ಪೇನ್‌ನ ಬೊರಿಯಲ್ ಕಂಪನಿಯ ಅಂಟುರಬ್ಬರಿನ ಶೂ ಬಂದ ಮೇಲೆ ಇಂಥ ದಾರಿಗಳು ಎಷ್ಟೋ ಸಲೀಸಾದವು. ಆದರೆ ಭಾರ ಹಾಕದವನಿಗೆ ಯಾವ ರಬ್ಬರೂ ನೆರವಾಗದು.

ತೋಳುಬಲ ಇಲ್ಲ ಎಂದು ಹಿಂದೆ ಸರಿಯುವ ಹೆಣ್ಣುಮಕ್ಕಳಿಗೆ, ಐವತ್ತು ದಾಟಿದ ಪೋಷಕರಿಗೆ ನಾನು ಹೇಳುವುದೂ ಇದನ್ನೇ: ಭಾರ ಕಾಲಿಗೆ. ದಂಡ ಹೊಡೆಯಲು ಬಾರದಿದ್ದರೂ ಇಲ್ಲಿ ಹತ್ತಬಹುದು.

ಸಮಯವಾಯಿತೆಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಹಗ್ಗ, ಬೋಲ್ಟ್ (ಹಗ್ಗ ಸಿಕ್ಕಿಸಲು ಬಂಡೆಯಲ್ಲಿ ಕೂರಿಸುವ ಮೊಳೆ), ಬಿಲೇ (ಹತ್ತುವವರು ಬೀಳದಂತೆ ಜೊತೆಗಾರರು ಹಗ್ಗ ಹಿಡಿದು ಕಾಯುವುದು) ಕುರಿತು ವಿವರವಾಗಿ ಹೇಳಬೇಕೆಂದಿದ್ದೆ. ಚುಟುಕಾಗಿ ಇಷ್ಟು ಕೇಳಿ. ಹಾಸುಬಂಡೆಯಲ್ಲಿ ಬಿದ್ದವರು ಗಾಳಿಯಲ್ಲಿ ಬೀಳುವುದಿಲ್ಲ, ಉಜ್ಜಿಕೊಂಡು ಜಾರುತ್ತಾರೆ. ಆದ್ದರಿಂದ ಬೋಲ್ಟ್‌ಗಳ ನಡುವಿನ ಅಂತರ ಬಹಳ ಮುಖ್ಯ. ಜೋಶುವಾ ಟ್ರೀಯ ಹಳೆಯ ದಾರಿಗಳಲ್ಲಿ ಅವು ದೂರದೂರ ಇವೆ. ಅದನ್ನು ನಾವು ಅನುಕರಿಸಬೇಕಿಲ್ಲ, ಹತ್ತಿರ ಹತ್ತಿರ ಇರಲಿ. ವಿಂಧ್ಯಗಿರಿಯಂಥ ಸಂರಕ್ಷಿತ ಬೆಟ್ಟದಲ್ಲಿ, ಶಾಸನವಿರುವ ಬಂಡೆಯಲ್ಲಿ ಮೊಳೆ ಹೊಡೆಯುವ ಮಾತೇ ಬೇಡ. ಜೋಶುವಾ ಟ್ರೀಯ ವನ್ಯ ಪ್ರದೇಶದಲ್ಲೂ ಹೊಸ ಬೋಲ್ಟ್‌ಗೆ ಅನುಮತಿ ಬೇಕು. ಕಲಿಯಲು ಮಾಗಡಿ ಹತ್ತಿರದ ಸಾವನದುರ್ಗ ಇದೆ, ತರಬೇತಿ ಪಡೆದವರ ಜೊತೆಯಲ್ಲೇ ಹೋಗಿ. ಬಿಸಿಲೇರುವ ಮೊದಲು ಇಳಿದುಬಿಡಿ. ಹೆಜ್ಜೇನು ಕಂಡರೆ ಸದ್ದು ಮಾಡದೆ ವಾಪಸ್ ಬನ್ನಿ.

ಹತ್ತುವವರು ಹಗ್ಗವನ್ನು ತಮಗೆ ಕಟ್ಟಿಕೊಳ್ಳುವ ಎಂಟರ ಗಂಟು ಹಾಕುವುದನ್ನು ತೋರಿಸದೆ ನಾನು ಇಲ್ಲಿಂದ ಹೋಗುವುದಿಲ್ಲ. ವಂದನಾರ್ಪಣೆ ಮುಗಿದೊಡನೆ ವೇದಿಕೆಯ ಬಲಗಡೆಗೆ ಬನ್ನಿ, ಹಗ್ಗ ತಂದಿದ್ದೇನೆ. ಪೋಷಕರು ಮೊದಲು.