ಅಡಿಕೆ ಸುಲಿಯುವವರ ಮುಂದೆ ಕುಮಾರವ್ಯಾಸ

ಕೇಳುಗರಿಗೆ ನಮಸ್ಕಾರ.

ಈ ಹೊತ್ತಿನಲ್ಲಿ ನೀವು ಎಲ್ಲೆಲ್ಲಿ ಇರುತ್ತೀರಿ ಎಂಬ ಅಂದಾಜು ನನಗಿದೆ. ಸಾಗರದ ಕಡೆ ಯಾರೋ ಹಾಲು ಕರೆದು ಬಂದು ಕೈ ತೊಳೆಯುತ್ತಿದ್ದೀರಿ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಯಾರೋ ಅಂಗಡಿಯ ಬಾಗಿಲು ಹಾಕುವ ಮೊದಲು ಲೆಕ್ಕ ನೋಡುತ್ತಿದ್ದೀರಿ. ನಿಮ್ಮನ್ನೇ ಕುರಿತ ಒಂದು ಪ್ರಶ್ನೆಗೆ ಉತ್ತರ ಹೇಳಲು ನನ್ನನ್ನು ಕರೆದಿದ್ದಾರೆ. ಶ್ರೇಷ್ಠ ಕಲೆ ಸಾಮಾನ್ಯ ಜನರಿಗೆ ಅರ್ಥವಾಗಲೇಬೇಕೆ?

ನನಗೆ ಈ ಪ್ರಶ್ನೆಯ ಮೇಲೆಯೇ ಸ್ವಲ್ಪ ಸಿಟ್ಟಿದೆ. ಇದನ್ನು ಕೇಳುವವರಲ್ಲಿ ತಾನು ಸಾಮಾನ್ಯ ಎಂದುಕೊಂಡವರು ಒಬ್ಬರೂ ಇರುವುದಿಲ್ಲ. ಸಭೆಯ ಮುಂದಿನ ಸಾಲಿನಲ್ಲಿ ಕುಳಿತು ಹಿಂದಿನ ಸಾಲಿನವರ ಬಗ್ಗೆ ಮರುಗುವವರೇ ಹೆಚ್ಚು. ನಲವತ್ತು ವರ್ಷಗಳಿಂದ ಗಮಕಕ್ಕೆ ವ್ಯಾಖ್ಯಾನ ಹೇಳಿಕೊಂಡು ಊರೂರು ತಿರುಗಿದವನು ನಾನು. ನನ್ನ ಉತ್ತರ ಚಿಕ್ಕದು. ಮೊದಲು ಜನರನ್ನು ಕೂರಿಸಿ. ಎರಡನೆಯ ಸಲವೂ ಕರೆದು ಕೂರಿಸಿ. ಅರ್ಥದ ಮಾತು ಆಮೇಲೆ.

ಈ ಜಗಳವನ್ನು ಜೋರಾಗಿ ಎಬ್ಬಿಸಿದವರು ರಷ್ಯಾದ ಟಾಲ್‌ಸ್ಟಾಯ್. 1898ರ ಹೊತ್ತಿಗೆ ಕಲೆಯೆಂದರೇನು ಎಂದು ಒಂದು ಪುಸ್ತಕವನ್ನೇ ಬರೆದರು. ಮಗಳ ಮದುವೆಯ ಸಂದರ್ಭದಲ್ಲಿ ಹಳ್ಳಿಯ ಹೆಂಗಸರು ಕುಡುಗೋಲು ಬಡಿದು ಹಾಡಿದ್ದನ್ನು ಕೇಳಿ ಅವರ ಮನಸ್ಸು ಹಗುರಾಯಿತಂತೆ. ಅದೇ ಸಂಜೆ ಮನೆಯಲ್ಲಿ ಒಳ್ಳೆಯ ವಾದಕರೊಬ್ಬರು ಬೀಥೋವನ್‌ನ ಸಂಗೀತ ನುಡಿಸಿದರೆ ಯಾರಿಗೂ ಏನೂ ಅನ್ನಿಸಲಿಲ್ಲವಂತೆ. ಹಾಗಾಗಿ ಹೆಂಗಸರ ಹಾಡೇ ನಿಜವಾದ ಕಲೆ ಎಂದುಬಿಟ್ಟರು. ಅಷ್ಟಕ್ಕೇ ನಿಲ್ಲಲಿಲ್ಲ. ತಾವೇ ಬರೆದ ಮಹಾ ಕಾದಂಬರಿಗಳನ್ನೂ ಕೆಟ್ಟ ಕಲೆಯ ರಾಶಿಗೆ ಎಸೆದು, ಎರಡು ಸಣ್ಣ ಕಥೆಗಳನ್ನು ಮಾತ್ರ ಉಳಿಸಿಕೊಂಡರು. ದೊಡ್ಡ ಮನುಷ್ಯ, ಕೈ ಮುಗಿಯುತ್ತೇನೆ. ಆದರೆ ಆ ಹೆಂಗಸರನ್ನು ಒಳಗೆ ಕರೆದು ಕೂರಿಸಿ ಬೀಥೋವನ್ ಕೇಳಿಸಿದ್ದರೆ ಏನಾಗುತ್ತಿತ್ತು?

ನಾನು ಕೇಳಿಸಿದ್ದೇನೆ. ಬೀಥೋವನ್ನನನ್ನಲ್ಲ, ಕುಮಾರವ್ಯಾಸನನ್ನು.

ಗಮಕ ಎಂದರೆ ಹಳಗಾಲದ ಕಾವ್ಯವನ್ನು ರಾಗದಲ್ಲಿ ಓದುವುದು. ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ನಮ್ಮ ಜಿಲ್ಲೆಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ತುಂಗೆಯ ದಡದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕಕ್ಕಾಗಿಯೇ.

ನಾನು ಹೇಳುವುದು ಅದಕ್ಕೂ ಬಹಳ ಹಿಂದಿನ ಮಾತು. ತೀರ್ಥಹಳ್ಳಿಯ ಕಡೆ ಒಂದು ಮನೆಯಲ್ಲಿ ಏಳು ದಿನದ ಕುಮಾರವ್ಯಾಸ ಭಾರತದ ವಾಚನ. ಓದುವವರು ಹಿರಿಯರು. ವ್ಯಾಖ್ಯಾನಕ್ಕೆ ನಾನು. ಆಗಷ್ಟೇ ಎಂ.ಎ. ಮುಗಿಸಿದ್ದೆ, ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಳ್ಳುತ್ತಿದ್ದೆ. ಹೋಗಿ ನೋಡಿದರೆ ವೇದಿಕೆಯೂ ಇಲ್ಲ, ಕುರ್ಚಿಯೂ ಇಲ್ಲ. ಅಡಿಕೆ ಕೊಯ್ಲಿನ ಕಾಲ. ಚಪ್ಪರದ ಕೆಳಗೆ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಇಪ್ಪತ್ತು ಮೂವತ್ತು ಜನ ಮೆಟ್ಟುಗತ್ತಿಯ ಮೇಲೆ ಕುಳಿತು ಹಸಿ ಅಡಿಕೆ ಸುಲಿಯುತ್ತಿದ್ದರು. ಡಬ್ಬದ ಲೆಕ್ಕದ ಕೂಲಿ. ಮಧ್ಯದಲ್ಲಿ ನಮ್ಮಿಬ್ಬರಿಗೆ ಒಂದು ಕಂಬಳಿ.

ನನಗೆ ಅವಮಾನವಾಯಿತು. ಸುಲಿಯುವವರಿಗೆ ಕುಮಾರವ್ಯಾಸ ಎಲ್ಲಿಂದ ತಿಳಿಯಬೇಕು ಎಂದು ಹಿರಿಯರ ಕಿವಿಯಲ್ಲಿ ಹೇಳಿಯೂಬಿಟ್ಟೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, "ನೀನು ಕೂರು" ಎಂದರು.

ಓದು ಶುರುವಾಯಿತು. ಭಾಮಿನಿ ಷಟ್ಪದಿಯ ನಡೆ ನಿಮಗೆ ಗೊತ್ತಿರಬಹುದು. ಮೂರು, ನಾಲ್ಕು, ಮೂರು, ನಾಲ್ಕು ಎಂದು ಮಾತ್ರೆಗಳು ಬೀಳುತ್ತವೆ. ಅರ್ಧ ಗಂಟೆ ಕಳೆದಿರಬೇಕು. ನೋಡುತ್ತೇನೆ, ಕೈಗಳು ಆ ನಡೆಗೆ ಬಿದ್ದಿವೆ. ಕಾಯನ್ನು ಕತ್ತಿಗೆ ಒತ್ತುವುದು, ಸಿಪ್ಪೆ ಬಿಡಿಸುವುದು, ಬುಟ್ಟಿಗೆ ಎಸೆಯುವುದು, ಎಲ್ಲವೂ ಪದ್ಯದ ಜೊತೆಗೇ. ಪದ್ಯ ನಿಂತಾಗ ಚಪ್ಪರದಲ್ಲಿ ಸದ್ದೇ ಇಲ್ಲ. ಛಂದಸ್ಸಿನ ಮೇಲೆ ಎರಡು ಪರೀಕ್ಷೆ ಬರೆದಿದ್ದ ನನ್ನ ಕಾಲು ಒಂದು ಸಲವೂ ಹಾಗೆ ತಾಳ ಹಾಕಿರಲಿಲ್ಲ.

ಮೂರನೆಯ ರಾತ್ರಿ ಉದ್ಯೋಗಪರ್ವ. ಸಂಧಾನ ಮುರಿದುಬಿದ್ದ ಮೇಲೆ ಹೊರಟ ಕೃಷ್ಣ ಕರ್ಣನನ್ನು ತನ್ನ ರಥದಲ್ಲಿ ಕೂರಿಸಿಕೊಂಡು, ನೀನು ಕುಂತಿಯ ಮಗ ಎಂದು ಹೇಳುತ್ತಾನೆ. ಕರ್ಣನ ಕೊರಳ ಸೆರೆ ಉಬ್ಬುತ್ತದೆ, ದೃಗುಜಲ ಉಕ್ಕುತ್ತದೆ. ಹಿರಿಯರು ಆ ಪದ್ಯವನ್ನು ಓದಿ ನಿಲ್ಲಿಸಿದರು. ನನ್ನ ಸರದಿ. ದೃಕ್ ಎಂದರೆ ಕಣ್ಣು, ಜಲ ಎಂದರೆ ನೀರು, ದೃಗುಜಲ ಎಂದರೆ ಕಣ್ಣೀರು ಎಂದು ಆರಂಭಿಸಿ, ಇದು ಯಾವ ಸಂಧಿ, ಯಾವ ಸಮಾಸ ಎಂದು ಹೊರಟೆ.

ಎದುರಿಗೆ ಕುಳಿತಿದ್ದ ಮುದುಕಿಯೊಬ್ಬಳು ಮುಂಗೈ ಎತ್ತಿ ಕಣ್ಣು ಒರೆಸಿಕೊಂಡಳು. ಬೆರಳುಗಳೆಲ್ಲ ಅಡಿಕೆಯ ಚೊಗರಿನಿಂದ ಕಪ್ಪಾಗಿದ್ದವಲ್ಲ, ಕಣ್ಣಿಗೆ ತಾಗಿಸುವ ಹಾಗಿಲ್ಲ. ಒರೆಸಿಕೊಂಡು ನನ್ನ ಕಡೆ ನೋಡಿ, "ನೀವು ಸ್ವಲ್ಪ ಸುಮ್ಮನಿರಿ, ಅವರು ಓದಲಿ" ಎಂದಳು.

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ನಾನು ಸುಮ್ಮನಾದೆ. ದೃಗುಜಲ ಎಂದರೇನೆಂದು ಅವಳಿಗೆ ಗೊತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ನಾನು ಹೇಳುವ ಮೊದಲೇ ಅದು ಅವಳ ಕಣ್ಣಿಗೆ ಬಂದಿತ್ತು. ಇನ್ನು ಯಾವ ಅರ್ಥ ಬೇಕು? ಹಾಗೆಂದು ಮೊದಲ ರಾತ್ರಿಯೇ ಅತ್ತಳೇ? ಇಲ್ಲ. ಮೊದಲ ರಾತ್ರಿ ಪಕ್ಕದವಳ ಜೊತೆ ಮಗಳ ಬಾಣಂತನದ ಸುದ್ದಿ ಮಾತನಾಡುತ್ತಿದ್ದಳು. ಎರಡನೆಯ ರಾತ್ರಿ ಮಾತು ಕಡಿಮೆಯಾಯಿತು. ನಾನು ಹೇಳುತ್ತಿರುವುದು ಅದನ್ನೇ. ಕೂರಿಸಬೇಕು, ಎರಡನೆಯ ಸಲವೂ ಕೂರಿಸಬೇಕು.

ಕಥೆ ಉದ್ದವಾಯಿತು, ಗಡಿಯಾರ ನನಗೂ ಕಾಣುತ್ತಿದೆ. ಹೆಗ್ಗೋಡಿನ ಬಗ್ಗೆ ವಿಸ್ತಾರವಾಗಿ ಹೇಳಬೇಕೆಂದಿದ್ದೆ. 1949ರಲ್ಲಿ ಆ ಹಳ್ಳಿಯಲ್ಲಿ ಹುಟ್ಟಿದ ನಾಟಕ ಸಂಘ ನೀನಾಸಮ್, ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ. ತೋಟದ ಕೆಲಸ ಮುಗಿಸಿ ಬಂದವರಿಗೆ ಅಲ್ಲಿ ಸತ್ಯಜಿತ್ ರೇ, ಜಪಾನಿನ ಕುರೊಸಾವಾ ಅವರ ಚಿತ್ರಗಳನ್ನು ತೋರಿಸಿದರು. 1985ರಿಂದ ಅದರ ಸಂಚಾರಿ ತಂಡವಾದ ತಿರುಗಾಟದವರು ಊರೂರಿಗೆ ನಾಟಕ ಒಯ್ದರು, ಮತ್ತೆ ಮರುವರ್ಷವೂ ಹೋದರು. ಮರುವರ್ಷ ಎಂಬ ಮಾತಿಗೆ ದಯವಿಟ್ಟು ಗಮನ ಕೊಡಿ.

ನಮ್ಮ ಕೆಲವು ಸಂಘಟಕರು ಮಾತ್ರ, ಜನರಿಗೆ ತಿಳಿಯುವುದಿಲ್ಲ ಎಂದು ಏಳು ದಿನದ ಕಥೆಯನ್ನು ಒಂದೂವರೆ ಗಂಟೆಗೆ ಇಳಿಸುತ್ತಾರೆ. ಅದರಲ್ಲಿ ನಲವತ್ತು ನಿಮಿಷ ಸನ್ಮಾನ. ಜನರು ಎದ್ದು ಹೋದರೆ, ನೋಡಿ, ತಿಳಿಯಲಿಲ್ಲ ಎನ್ನುತ್ತಾರೆ. ಸ್ವಾಮಿ, ಅವರು ಎದ್ದು ಹೋದದ್ದು ಸನ್ಮಾನಕ್ಕೆ!

ಇನ್ನೊಂದು ವಿಷಯ, ಬೇಗ ಹೇಳಿಬಿಡುತ್ತೇನೆ. ಸಾಗರ, ಸೊರಬದ ದೀವರ ಸಮುದಾಯದ ಮನೆಗಳಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಪುಂಡಿನಾರಿನ ಕುಂಚ. ಅಂತಹ ಗೋಡೆಯ ಮುಂದೆ ನಿಂತು ನಾನೊಮ್ಮೆ, ಈ ತ್ರಿಕೋನಗಳು ಏನು ಎಂದು ಕೇಳಿದೆ. ಬರೆದಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮದುಮಗ ಮದುಮಗಳು ಎಂದು ಚಿಕ್ಕ ಮಗುವಿಗೆ ಹೇಳುವ ಹಾಗೆ ಹೇಳಿದಳು. ಆ ಜಗಲಿಯಲ್ಲಿ ತಿಳಿಯದ ಸಾಮಾನ್ಯ ಮನುಷ್ಯ ನಾನೇ. ಅವಳು ನನಗಾಗಿ ತ್ರಿಕೋನ ಬಿಟ್ಟು ಫೋಟೊದಂತಹ ಚಿತ್ರ ಬರೆಯಬೇಕಿತ್ತೇ? ಒಂದು ಚಾಪೆ ಹಾಸಿದಳು, ಕಾಫಿ ಕೊಟ್ಟಳು, ನಾನು ಕುಳಿತು ನೋಡಿದೆ.

ಕುಪ್ಪಳಿಗೆ ಬಸ್ಸುಗಟ್ಟಲೆ ಜನರು ಬಂದು ಕವಿಶೈಲದಲ್ಲಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ, ಕುವೆಂಪು ಅವರ ಮಹಾಕಾವ್ಯ ಮಾತ್ರ ಕಪಾಟಿನಲ್ಲೇ ಇರುತ್ತದೆ ಎಂಬುದರ ಬಗ್ಗೆಯೂ ಹೇಳುವುದಿತ್ತು. ಸ್ಟುಡಿಯೊದ ಗಾಜಿನ ಆಚೆಯಿಂದ ಒಂದು ಬೆರಳು ತೋರಿಸುತ್ತಿದ್ದಾರೆ. ಒಂದು ನಿಮಿಷ. ಇರಲಿ, ಆ ಮುದುಕಿಯ ಕಥೆಯನ್ನೇ ಮುಗಿಸುತ್ತೇನೆ.

ಆರನೆಯ ರಾತ್ರಿ ಕರ್ಣನ ವಧೆ. ಅವಳ ಮೆಟ್ಟುಗತ್ತಿ ಖಾಲಿ ಇತ್ತು. ಅಜ್ಜಿಗೆ ಜ್ವರ ಎಂದು ಮೊಮ್ಮಗ ಬಂದು ಹೇಳಿದ. ಮರುದಿನ ಬೆಳಗ್ಗೆ ಹೊಳೆಯ ಕಡೆ ಹೊರಟರೆ, ಗದ್ದೆಯ ಅಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದಾಳೆ. ಜ್ವರ ಬಿಟ್ಟಿತೇ ಅಜ್ಜಿ ಎಂದೆ. ತಲೆ ಎತ್ತಲಿಲ್ಲ.

"ಅವನು ಸಾಯುವುದನ್ನು ಕೇಳಲು ನಾನೇಕೆ ಬರಲಿ?" ಎಂದಳು. "ಒಂದು ರಾತ್ರಿಯ ಕೂಲಿ ಹೋದರೆ ಹೋಗಲಿ."

ನಮಸ್ಕಾರ.